ಜೆಟ್ ಬಿಟ್ಟು ಫ್ಯಾನು ಹಿಡಿದ ಕಥೆ

ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ವಿಮಾನ ನಿಲ್ದಾಣದ ಹಿರಿಯ ಅಧಿಕಾರಿಗಳೇ, ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಓಡಿಬಂದು ಹಿಂದಿನ ಸಾಲು ಹಿಡಿದಿರುವ ಮೆಕ್ಯಾನಿಕ್ ಮಿತ್ರರೇ, ಊಟಕ್ಕೆ ಮೊದಲು ಭಾಷಣವಿದೆಯೆಂದು ಗೊತ್ತಿದ್ದೂ ಬಂದಿರುವ ಧೈರ್ಯಶಾಲಿ ಸಭಿಕರೇ,

ವಾರ್ಷಿಕೋತ್ಸವದಲ್ಲಿ ನಾನು ಯಾವ ವಿಷಯದ ಮೇಲೆ ಮಾತನಾಡಬೇಕು ಎಂದು ಕೇಳಿದ್ದಕ್ಕೆ ಅಧ್ಯಕ್ಷರು, "ಜೆಟ್ ಮಾರಿ ಪ್ರೊಪೆಲ್ಲರ್ ವಿಮಾನ ಯಾಕೆ ತಗೊಂಡ್ರಿ, ಅದನ್ನೇ ಹೇಳಿ. ಎಲ್ಲರೂ ಬೆನ್ನ ಹಿಂದೆ ಅದನ್ನೇ ಕೇಳ್ತಿದ್ದಾರೆ" ಎಂದರು. ಕೇಳುತ್ತಿರುವುದು ನನಗೂ ಗೊತ್ತು. ಕುದುರೆ ಇಳಿದು ಕತ್ತೆ ಏರಿದ ಎಂದು ಕ್ಯಾಂಟೀನಿನಲ್ಲಿ ಯಾರು ಹೇಳಿದರು ಎಂಬುದೂ ಗೊತ್ತು. ಅವರು ಎರಡನೆಯ ಸಾಲಿನಲ್ಲಿದ್ದಾರೆ. ಹೆಸರು ಹೇಳುವುದಿಲ್ಲ, ಗಾಬರಿಯಾಗಬೇಡಿ.

ನಾನು ತೂಕದ ಯಂತ್ರ ತಯಾರಿಸುವವನು. ಅಕ್ಕಿ ಅಂಗಡಿಯ ತಕ್ಕಡಿಯಿಂದ ಲಾರಿ ತೂಗುವ ಕಟ್ಟೆಯವರೆಗೆ ಎಲ್ಲವೂ ನಮ್ಮ ಕಾರ್ಖಾನೆಯಲ್ಲಿ ಆಗುತ್ತವೆ. ಅದಕ್ಕೇ ನೀವು ನನ್ನನ್ನು ತಕ್ಕಡಿ ಸಾಹೇಬರು ಎನ್ನುತ್ತೀರಿ. ಇಂಥ ಮನುಷ್ಯ ಕೊಂಡ ಜೆಟ್ ಎಂಥದ್ದು? ಟ್ಯಾಂಕ್ ತುಂಬ ಇಂಧನ ಹಾಕಿದರೆ ಜನಕ್ಕೆ ಜಾಗವಿಲ್ಲ, ಜನರನ್ನು ತುಂಬಿದರೆ ಇಂಧನ ಹಾಕಲು ತೂಕದ ಮಿತಿ ಬಿಡುವುದಿಲ್ಲ! ಊರನ್ನೆಲ್ಲ ತೂಗುವವನು ತನ್ನ ಮನೆಯವರನ್ನು ತೂಗಲಾರದೆ ಹೋದ.

ತೂಗದೆ ಬಿಟ್ಟೆನೇ? ಇಲ್ಲ. ಹ್ಯಾಂಗರಿನ ಬಾಗಿಲಲ್ಲಿ ನಮ್ಮದೇ ಕಂಪನಿಯ ಯಂತ್ರ ಇಟ್ಟು, ಹತ್ತುವ ಪ್ರತಿಯೊಬ್ಬರನ್ನೂ ನಿಲ್ಲಿಸುತ್ತಿದ್ದೆ. ನನ್ನ ಹೆಂಡತಿ ಒಮ್ಮೆ ನಿಂತಳು. ಅಂಕಿ ನೋಡಿದಳು. "ನಿಮ್ಮ ಯಂತ್ರ ಸರಿ ಇಲ್ಲ" ಎಂದಳು. ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ದೂರು ಕೇಳಿರಲಿಲ್ಲ.

ಕೊನೆಗೊಂದು ದಿನ ನನ್ನ ಅಕ್ಕನ ಸರದಿ ಬಂತು. ಅಕ್ಕ ಹತ್ತಿದರೆ ತೂಕ ಮೀರುತ್ತಿತ್ತು. ಹೊರಟಿದ್ದು ಅವಳದೇ ಮಗಳ ಮನೆಗೆ. ಯಾರನ್ನು ಇಳಿಸಲಿ ಎಂದು ನಾನು ನೆಲ ನೋಡುತ್ತಾ ನಿಂತೆ. ಅಕ್ಕನೇ ಚೀಲ ಎತ್ತಿಕೊಂಡು, "ನಾನು ಬಸ್ಸಲ್ಲಿ ಬರ್ತೀನಿ ಬಿಡೋ, ನಿಮಗಿಂತ ಒಂದು ದಿನ ತಡ ಅಷ್ಟೇ" ಎಂದು ನಡೆದೇಬಿಟ್ಟಳು. ಮೇಲೆ ಹೋದ ಮೇಲೆ ಕೆಳಗೆ ಅಕ್ಕನ ಬಸ್ಸು ಸಾಗಬೇಕಾದ ಹೆದ್ದಾರಿ ಕಂಡಿತು. ಅಷ್ಟು ನುಣ್ಣನೆಯ, ಅಷ್ಟು ವೇಗದ ಜೆಟ್ ಆವತ್ತು ನನಗೆ ಬೇಡವೆನಿಸಿತು.

ಹೀಗೆ ಬಂತು ಎರಡು ಇಂಜಿನ್ನಿನ, ಎರಡು ಫ್ಯಾನಿನ ಟರ್ಬೊಪ್ರಾಪ್, ಅಂದರೆ ನೀವೆಲ್ಲ ಕೇಳುತ್ತಿರುವ ಆ ಪ್ರೊಪೆಲ್ಲರ್ ವಿಮಾನ. ನಿಧಾನ, ಒಪ್ಪುತ್ತೇನೆ. ಸದ್ದು, ಒಪ್ಪುತ್ತೇನೆ. ಆದರೆ ಇಡೀ ಮನೆಯನ್ನು ಹೊತ್ತು, ಜೆಟ್ ಇಳಿಯಲಾಗದ ಚಿಕ್ಕ ರನ್‌ವೇಯಲ್ಲಿ ಇಳಿಯುತ್ತದೆ. ಇನ್ನೇನು ಬೇಕು? ನನಗೆ ಬೇಕಾಗಿದ್ದುದು ಒಂದು ಸಹಿ ಮಾತ್ರ. ತರಬೇತಿ ಮುಗಿದಿದೆ, ಇವನು ಒಬ್ಬನೇ ಹಾರಿಸಬಹುದು ಎಂದು ಶಿಕ್ಷಕರೊಬ್ಬರು ಬರೆದುಕೊಡದೆ ವಿಮೆಯವರು ಒಪ್ಪುವುದಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಈ ವಿಮಾನಕ್ಕಿರುವ ಶಿಕ್ಷಕಿ ಯಾರು? ಮೂರನೆಯ ಸಾಲಿನಲ್ಲಿ ಕೂತು, ಅಪ್ಪ ಯಾವಾಗ ನಿಲ್ಲಿಸುತ್ತಾರೋ ಎಂದು ಗಡಿಯಾರ ನೋಡುತ್ತಿದ್ದಾಳಲ್ಲ, ಅವಳೇ. ನನ್ನ ಮಗಳು. ಕಾಕ್‌ಪಿಟ್ಟಿನಲ್ಲಿ ಅವಳು ನನ್ನನ್ನು ಅಪ್ಪ ಎನ್ನುವುದಿಲ್ಲ, ಕ್ಯಾಪ್ಟನ್ ಎನ್ನುತ್ತಾಳೆ. ಆ ಪದವನ್ನು ಇಷ್ಟು ಅಗೌರವದಿಂದ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಜೆಟ್ಟಿನಲ್ಲಿ ಇಂಜಿನ್‌ಗಳು ಹಿಂಬದಿಯಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಒಂದು ನಿಂತರೂ ವಿಮಾನದ ಮೂತಿ ಹೆಚ್ಚು ತಿರುಗುವುದಿಲ್ಲ. ಕಾಲಿಗೆ ಅಂಥ ಕೆಲಸವಿಲ್ಲ. ಟರ್ಬೊಪ್ರಾಪಿನಲ್ಲಿ ಹಾಗಲ್ಲ. ಒಂದೊಂದು ರೆಕ್ಕೆಯ ಮೇಲೆ ಒಂದೊಂದು ಇಂಜಿನ್ ಇದೆ. ಎಡದ್ದು ನಿಂತರೆ ಮೂತಿ ಎಡಕ್ಕೆ ಎಳೆಯುತ್ತದೆ, ಆ ಕ್ಷಣವೇ ಬಲಗಾಲಿನಿಂದ ಪೆಡಲ್ ಒತ್ತಿ ನೆಟ್ಟಗೆ ತರಬೇಕು. ಯೋಚನೆ ಮಾಡಿ ಒತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಜೆಟ್ಟಿನಿಂದ ಬಂದವರೆಲ್ಲ ಮಾಡುವ ತಪ್ಪು ಇದು. ನಾನು ಎಲ್ಲರಂತಲ್ಲ ಅಂದುಕೊಂಡಿದ್ದೆ.

ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಮಗಳು ಸದ್ದಿಲ್ಲದೆ ಒಂದು ಇಂಜಿನ್ನಿನ ಶಕ್ತಿ ಇಳಿಸಿದಳು. ಅವಳು ಮೀಟರ್ ನೋಡುತ್ತಿರಲಿಲ್ಲ, ನನ್ನ ಬೂಟು ನೋಡುತ್ತಿದ್ದಳು. ಮೂತಿ ಹೊರಳಿತು. ನನ್ನ ಕೈಗಳು ಏನೇನೋ ಮಾಡಿದವು.

"ಕಂಟ್ರೋಲ್ ನನ್ನದು. ಕ್ಯಾಪ್ಟನ್, ನಿಮ್ಮ ಕಾಲು ನಿದ್ದೆ ಮಾಡ್ತಿದೆ."

ಇಳಿಯುವಾಗ ಜೆಟ್ಟಿನ ಅಭ್ಯಾಸದಂತೆ ಶಕ್ತಿಯನ್ನು ಪೂರ್ತಿ ಇಳಿಸಿಬಿಟ್ಟೆ. ಎರಡೂ ಫ್ಯಾನುಗಳು ಗಾಳಿಗೆ ಅಡ್ಡ ನಿಂತವು, ವಿಮಾನ ದೊಪ್ಪನೆ ಕೂತಿತು. ಆ ಸದ್ದು ಹಿಂದಿನ ಸಾಲಿನ ಮೆಕ್ಯಾನಿಕ್ ಮಿತ್ರರಿಗೂ ಹ್ಯಾಂಗರಿನಲ್ಲಿ ಕೇಳಿಸಿತ್ತು, ಅವರ ನಗುವೇ ಹೇಳುತ್ತಿದೆ. ಸಹಿ ಸಿಗಲಿಲ್ಲ. ಎರಡನೆಯ ಪರೀಕ್ಷೆಯಲ್ಲೂ ಸಿಗಲಿಲ್ಲ.

"ನಿನಗೆ ಹಾರೋದು ಕಲಿಸಿದ್ದು ಯಾರೇ?" ಎಂದು ಕೇಳಿದೆ.

"ನೀವೇ. ಚೆನ್ನಾಗೇ ಕಲಿಸಿದ್ರಿ. ಅದಕ್ಕೇ ಸಹಿ ಹಾಕ್ತಿಲ್ಲ."

ಗುರುವಿಗೇ ತಿರುಮಂತ್ರ! ನನಗೆ ಸಿಟ್ಟು ಬಂತು. ಬೇರೆ ಶಿಕ್ಷಕರನ್ನು ಹುಡುಕುತ್ತೇನೆ ಎಂದೆ. ಅವಳು ಹೆಡ್‌ಫೋನ್ ಸುತ್ತಿಡುತ್ತಾ, "ಹುಡುಕಿ. ಸಹಿ ಹಾಕೋರು ಸಿಗ್ತಾರೆ. ಆದ್ರೆ ನನ್ನ ಮಕ್ಕಳು ಆ ವಿಮಾನ ಹತ್ತಲ್ಲ" ಎಂದಳು.

ಸಭಿಕರೇ, ನಾನು ಯಾರಿಗಾಗಿ ಆ ವಿಮಾನ ಕೊಂಡೆ? ಮನೆಯವರೆಲ್ಲ ಒಟ್ಟಿಗೆ ಹೋಗಲಿ ಎಂದು. ಆ ಇಬ್ಬರು ಮೊಮ್ಮಕ್ಕಳೇ ಹತ್ತದಿದ್ದರೆ ಅಷ್ಟು ಸೀಟು ಯಾಕೆ? ತುಂಬ ನೋವಾಯಿತು. ಅವಳು ಹೇಳಿದ್ದು ಸರಿ ಎಂಬುದೇ ಹೆಚ್ಚು ನೋವಿನ ಸಂಗತಿಯಾಗಿತ್ತು.

ಆಮೇಲೆ ಕಾಲನ್ನು ಎಬ್ಬಿಸುವ ಕೆಲಸ ಶುರುವಾಯಿತು. ಊಟದ ಮೇಜಿನ ಕೆಳಗೆ ಎರಡು ಇಟ್ಟಿಗೆ ಇಟ್ಟುಕೊಂಡೆ. ಹೆಂಡತಿ ಅಡುಗೆಮನೆಯಿಂದ ಇದ್ದಕ್ಕಿದ್ದಂತೆ "ಎಡ ಸತ್ತಿತು!" ಎಂದು ಕೂಗಬೇಕು, ನಾನು ಬಲಗಾಲು ಒತ್ತಬೇಕು. "ಬಲ ಸತ್ತಿತು!" ಎಂದರೆ ಎಡಗಾಲು. ದಿನವೂ ಸಾವಿನ ಸುದ್ದಿ ಕೇಳಿ ಪಕ್ಕದ ಮನೆಯವರು ಬಂದು, "ಯಾರು ಹೋದ್ರು?" ಎಂದು ವಿಚಾರಿಸಿದರು. "ಇವರ ಇಂಜಿನ್ನು" ಎಂದಳು ನನ್ನ ಹೆಂಡತಿ. ಕಾರ್ಖಾನೆಯ ಮೀಟಿಂಗಿನಲ್ಲೂ ಒತ್ತಿದೆ. ನಮ್ಮ ಮ್ಯಾನೇಜರು ತಮ್ಮ ಕುರ್ಚಿಯನ್ನು ದೂರ ಎಳೆದುಕೊಂಡರು.

ಮೂರನೆಯ ಪರೀಕ್ಷೆ. ಮಗಳು ಏನೂ ಹೇಳದೆ ಶಕ್ತಿ ಇಳಿಸಿದಳು. ನಾನು ಯೋಚಿಸಲಿಲ್ಲ, ಕಾಲು ತಾನೇ ಹೋಯಿತು. ಮೂತಿ ನೆಟ್ಟಗಿತ್ತು. ಮತ್ತೆ ಇಳಿಸಿದಳು, ಇನ್ನೊಂದು ಬದಿಯದ್ದು. ಮತ್ತೆ. ನೆಲಕ್ಕೆ ಬಂದ ಮೇಲೆ ಸಹಿ ಹಾಕಿದಳು. ಹೊಗಳಲಿಲ್ಲ.

ಮುಂದಿನ ರಜೆಯ ದಿನ ಅವಳೇ ಮಕ್ಕಳನ್ನು ಕರೆತಂದಳು. ಬೆಲ್ಟು ತಾನೇ ಬಿಗಿದಳು, ಎರಡೆರಡು ಸಲ ಎಳೆದು ನೋಡಿದಳು. ಅಕ್ಕ ಹಿಂದಿನ ಸೀಟಿನಲ್ಲಿ ಆರಾಮಾಗಿ ಕಾಲು ಚಾಚಿದ್ದಳು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಮಗಳು ಅಲ್ಲಿ ಕೂರುತ್ತಾಳೆ ಎಂದು ನಾನು ಧೈರ್ಯವಾಗಿದ್ದೆ. ಅವಳು ಕೆಳಗಿಳಿದಳು.

"ನೀನು ಬರಲ್ವಾ?"

"ನಾನು ಬಂದ್ರೆ ನೀವು ನನ್ನ ಮುಖ ನೋಡ್ತೀರಿ ಅಪ್ಪ, ರನ್‌ವೇ ನೋಡಲ್ಲ. ಹೋಗಿಬನ್ನಿ."

ಬಾಗಿಲು ಹಾಕಿದಳು. ತನ್ನ ಇಬ್ಬರು ಮಕ್ಕಳನ್ನು ನನ್ನ ಕೈಯಲ್ಲಿ ಕೊಟ್ಟು ತಾನು ನೆಲದ ಮೇಲೆ ನಿಂತಳು. ನಾನು ಎರಡೂ ಕಾಲುಗಳನ್ನು ಪೆಡಲ್‌ಗಳ ಮೇಲಿಟ್ಟು ಇಂಜಿನ್ ಶುರುಮಾಡಿದೆ.

ಏನಾಯಿತು? ಏನೂ ಆಗಲಿಲ್ಲ. ಎರಡೂ ಇಂಜಿನ್‌ಗಳು ಮನೆಯ ಗಡಿಯಾರದ ಹಾಗೆ ಓಡಿದವು. ಒಂದು ಸುತ್ತು ಹಾಕಿ, ಮೆತ್ತಗೆ ಇಳಿದು ಬಂದೆವು. ಹ್ಯಾಂಗರಿನ ಬಳಿ ಬಾಗಿಲು ತೆರೆದ ಮಗಳು ನನ್ನನ್ನು ಏನೂ ಕೇಳದೆ ಚಿಕ್ಕವಳನ್ನು, "ಹೇಗಿತ್ತೇ?" ಎಂದು ಕೇಳಿದಳು.

"ಅಜ್ಜ ಒಂದು ಮಾತೂ ಆಡ್ಲಿಲ್ಲಮ್ಮ. ನಾನು ಕರೆದ್ರೂ ತಿರುಗ್ಲಿಲ್ಲ" ಎಂದು ಆ ಹುಡುಗಿ ಚಾಡಿ ಹೇಳಿದಳು.

ಮಗಳು ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು. ನನ್ನ ಬೆನ್ನು ತಟ್ಟಿ, "ಈಗ ಸರಿಹೋಯ್ತು, ಕ್ಯಾಪ್ಟನ್" ಎಂದಳು.

ಬಾಯಿ ಮುಚ್ಚಿಕೊಂಡಿದ್ದಕ್ಕೆ ನನ್ನ ಜನ್ಮದಲ್ಲಿ ಸಿಕ್ಕ ಏಕೈಕ ಪ್ರಶಸ್ತಿ ಅದು. ಈಗಲೂ ಮುಚ್ಚಿಕೊಂಡರೆ ನಿಮ್ಮಿಂದ ಎರಡನೆಯದು ಸಿಕ್ಕೀತು ಎಂಬ ಆಸೆಯಿದೆ. ಕರೆದು ಮಾತನಾಡಿಸಿದ ಅಧ್ಯಕ್ಷರಿಗೂ, ಹಸಿವು ತಡೆದು ಕೇಳಿದ ನಿಮಗೂ ಋಣಿ. ಎಲ್ಲರಿಗೂ ನಮಸ್ಕಾರ.