ಏಣಿ ಹಿಡಿಯುವವರು

ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಮೇಷ್ಟ್ರ ಕಿವಿಗಷ್ಟೇ ಈಗ ಕೆಲಸ. ಪಕ್ಕದ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿಯ ಜಟಾಪಟಿ ನಡೆದಿತ್ತು.

“ಡಾಕ್ಟರು ಏನೇ ಹೇಳ್ಲಿ, ಇನ್ಮೇಲೆ ನೀರಿನ ಟ್ಯಾಂಕ್ ರಿಪೇರಿ ಅಂತ ನೀವು ಏಣಿ ಹತ್ತೋ ಹಾಗಿಲ್ಲ.”

“ಬಾಹ್ಯಾಕಾಶಕ್ಕೆ ಎರಡು ಸಲ ಹೋಗಿ ಬಂದೋನು ಕಣೇ ನಾನು. ಮನೆ ತಾರಸಿ ಯಾವ ಲೆಕ್ಕ?”

“ಆಗ ನಿಮ್ಮನ್ನ ನೋಡ್ಕೊಳ್ಳೋಕೆ ಕೆಳಗೆ ಒಂದು ಕಟ್ಟಡದ ತುಂಬ ಜನ ಇದ್ರು. ಈಗ ಏಣಿ ಹಿಡಿಯೋಕೆ ನಾನೊಬ್ಳೇ.”

“ಅದಕ್ಕೂ ಮುಂಚೆ? ಸೈನ್ಯದಲ್ಲಿ ನಾನು ಸೇತುವೆ ಕಟ್ಟಿದಾಗಲೆಲ್ಲ, ಮೊದಲನೇ ಲಾರಿ ದಾಟೋವಾಗ ಅದರ ಕೆಳಗೇ ನಿಂತಿರ್ತಿದ್ದೆ. ಕಟ್ಟಿದ ಎಂಜಿನಿಯರೇ ನಿಲ್ಲಬೇಕು, ಅದು ನಮ್ಮ ಪದ್ಧತಿ. ಒಂದು ದಿನಾನೂ ಎದೆ ಡವಡವ ಅಂದಿಲ್ಲ.”

“ಹಾಗಾದ್ರೆ ಇವತ್ತೂ ಕೆಳಗೇ ನಿಂತ್ಕೊಳ್ಳಿ. ನಾನು ಹತ್ತುತೀನಿ.”

“ನೀನಾ? ಹುಚ್ಚಾ ನಿಂಗೆ? ಕಾಲು ಜಾರಿದ್ರೆ?”

“ನೋಡಿ, ಏಣಿ ಇನ್ನೂ ಗೋಡೆಗೆ ಒರಗಿಲ್ಲ, ಆಗಲೇ ನಿಮ್ಮ ದನಿ ನಡುಗ್ತಿದೆ. ನೀವು ಮೇಲೆ ಹೋಗಿ ಬರ್ತಿದ್ದ ಅಷ್ಟು ವರ್ಷ ನಾನು ಹೀಗೇ ಕೆಳಗೆ ನಿಂತಿದ್ದೆ.”

ಅಷ್ಟರಲ್ಲಿ ನರ್ಸ್ ಕರೆದಳು. ಇಬ್ಬರೂ ಎದ್ದ ಸದ್ದು ಮೇಷ್ಟ್ರಿಗೆ ಕೇಳಿಸಿತು.

“ನಲ್ಲಿ ರಿಪೇರಿಯವನಿಗೆ ಫೋನ್ ಮಾಡು,” ಎಂದಿತು ದೂರವಾಗುತ್ತಿದ್ದ ಗಂಡನ ದನಿ. “ಏಣಿ ನಾವಿಬ್ರೂ ಹಿಡ್ಕೊಳ್ಳೋಣ.”