ಹುಲ್ಲಿಗೆ ಸುರಿದ ಬಟ್ಟಲು

ನಿನಗೆ ಇದನ್ನು ಮೊದಲು ಹೇಳಿದವಳು ನಿನ್ನ ಅತ್ತಿಗೆ ತಾನೆ, ಮಿನ್‌ಸೊಪ್? ನನ್ನ ಕೋಟಿನ ಜೇಬಿನಲ್ಲಿ ಮಾತ್ರೆ ಸಿಕ್ಕಿತು, ಔಷಧಿ ಅಂಗಡಿಯವನಿಗೆ ತೋರಿಸಿದಳು, ಅವನು ಕುಡಿತ ಬಿಡಿಸುವ ಮಾತ್ರೆ ಅಂದ. ಅವಳು ಅತ್ತುಕೊಂಡು ನಿನಗೆ ಫೋನ್ ಮಾಡಿದಳು. ಅದಕ್ಕೇ ಅಲ್ಲವೆ, ಪೂಜೆ ಮುಗಿಯುತ್ತಲೇ ನನ್ನನ್ನು ಅಜ್ಜನ ಸಮಾಧಿಯ ಹಿಂದಕ್ಕೆ ಎಳೆದುಕೊಂಡು ಬಂದದ್ದು.

ಸರಿ. ಕುಡಿಯುತ್ತೇನೆ. ಬಿಡುವುದಕ್ಕೆಂದೇ ಮಾತ್ರೆ. ಮುಗಿಯಿತಲ್ಲ, ನಡಿ, ಊಟಕ್ಕೆ ಕಾಯುತ್ತಿದ್ದಾರೆ.

ಯಾಕೆ ನಗುತ್ತೀಯ? ... ಹೌದು, ನಿನ್ನ ಮದುವೆಯಲ್ಲಿ ಒಂದೇ ಬಟ್ಟಲು ಕುಡಿದು ನಿನ್ನ ಮಾವನ ಹೆಗಲ ಮೇಲೆ ನಿದ್ದೆ ಹೋದವನು ನಾನೇ. ಮನುಷ್ಯ ಬದಲಾಗುತ್ತಾನಪ್ಪ.

ಏನು, ಚಿಕ್ಕಜ್ಜ ನೋಡಿಬಿಟ್ಟರಂತೆಯೆ? ಪೂಜೆಯ ಬಟ್ಟಲನ್ನು ತೋಳಿನ ಮರೆಯಲ್ಲೇ ಸುರಿದೆನಲ್ಲ... ಏನಂದರು? ಹಿರಿಯರಿಗೆ ಎಡೆಯಿಟ್ಟ ಮದ್ಯವನ್ನು ಕುಡಿಯದೆ ಹುಲ್ಲಿಗೆ ಹಾಕುವವನು ಇನ್ನು ಪೂಜೆಗೆ ನಿಲ್ಲಬಾರದು ಅಂದರೆ? ಸರಿಯಾಗಿಯೇ ಅಂದಿದ್ದಾರೆ. ನಾನಾದರೂ ಹಾಗೇ ಅನ್ನುತ್ತಿದ್ದೆ. ಆದರೆ ಆ ಮಾತ್ರೆ ನುಂಗಿದವನ ಗಂಟಲಲ್ಲಿ ಒಂದು ಗುಟುಕು ಇಳಿದರೂ ಕರುಳು ಬಾಯಿಗೆ ಬರುತ್ತದೆ. ಅಜ್ಜನ ಸಮಾಧಿಯ ಮೇಲೆ ವಾಂತಿ ಮಾಡಿಕೊಳ್ಳುವುದಕ್ಕಿಂತ ಹುಲ್ಲೇ ವಾಸಿ ಅನ್ನಿಸಿತು.

ದೇಗು ಪಟ್ಟಣದ ದೊಡ್ಡ ಆಸ್ಪತ್ರೆಗೆ ಯಾಕೆ ಹೋಗುತ್ತೇನೆ ಅಂದರೆ... ಅಲ್ಲಿ ಕುಡುಕರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಏನು ನೋಡುತ್ತಿದ್ದೀಯ? ಬೆಲ್ಟೆ? ಹೊಸ ತೂತು, ಹೌದು. ನಾನೇ ಮೊಳೆ ಹೊಡೆದು ಮಾಡಿದೆ. ಕುಡುಕರು ಸೊರಗುತ್ತಾರೆ, ಅದರಲ್ಲೇನು ವಿಶೇಷ.

ಬೈಯುವುದಾದರೆ ಬೈಯಿ. ಹೀಗೆ ಬೆಲ್ಟಿನ ತೂತು ಎಣಿಸುತ್ತ ನಿಲ್ಲಬೇಡ ಕಣೋ...

ಅಪ್ಪನ ಕಾಯಿಲೆಯೇ. ಅದೇ ಜಾಗ, ಅದೇ ಗಡ್ಡೆ.

ಆ ಕಡೆ ತಿರುಗು, ಹೆಂಗಸರಿಗೆ ನಿನ್ನ ಮುಖ ಕಾಣುತ್ತದೆ. ಕೇಳು. ಅಲ್ಲಿ ಪ್ಯೊ ಅಂತ ಒಬ್ಬ ಡಾಕ್ಟರಮ್ಮ ಇದ್ದಾಳೆ, ಚಿಕ್ಕ ವಯಸ್ಸು. ನಾವು ತೀರಿಹೋದ ಹಿರಿಯರ ಹೆಸರು ಬರೆದ ಪೂಜೆಯ ಹಲಗೆಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತೇವಲ್ಲ, ಹೆಸರು ಅಳಿಸಿರುವುದಿಲ್ಲ, ಮುಚ್ಚಳ ತೆಗೆಯುವವರೆಗೆ ಓದಲಾಗುವುದಿಲ್ಲ, ಅಷ್ಟೆ. ಅವಳು ಹೇಳಿದ್ದನ್ನು ನಾನು ಹಾಗೆ ತಿಳಿದುಕೊಂಡೆ. ಗಡ್ಡೆಯೊಳಗೂ 'ಬೆಳೆದದ್ದು ಸಾಕು' ಎಂಬ ಅಪ್ಪಣೆ ಬರೆದೇ ಇದೆಯಂತೆ. ಅದರ ಮೇಲೆ ಮುಚ್ಚಳ ಬಿದ್ದಿದೆಯಂತೆ. ಕುಡುಕರಿಗೆಂದು ಬಂದ ಈ ಹಳೆಯ ಮಾತ್ರೆ ಆ ಮುಚ್ಚಳವನ್ನು ಎತ್ತೀತೇ ಅಂತ ಈಗ ನನ್ನಂಥ ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದಾರೆ.

ಎತ್ತುತ್ತದೆಯೆ ಅಂತ ನಾನೂ ಕೇಳಿದೆ. "ಗೊತ್ತಿಲ್ಲ. ಗೊತ್ತಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ" ಅಂದಳು. ಆ ಮಾತು ಹಿಡಿಸಿತು, ರುಜು ಹಾಕಿದೆ. ಉಳಿದದ್ದು ಹಿರಿಯರಿಗೆ ಬಿಟ್ಟದ್ದು. ಅವರಿಗೂ ಗೊತ್ತಿದೆಯೋ ಇಲ್ಲವೋ.

ನಿನ್ನ ಅತ್ತಿಗೆಗೆ ನಿಜ ನಾನೇ ಹೇಳುತ್ತೇನೆ. ಅಮ್ಮನಿಗೆ ಮಾತ್ರ ಬೇಡ. ಅಪ್ಪ ಹೋದ ಹೊತ್ತಿನಲ್ಲಿ ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಕೂತಿದ್ದಳಲ್ಲ, ಇನ್ನೊಮ್ಮೆ ಹಾಗೆ ಕೂತರೆ ಏಳುವುದಿಲ್ಲ. ಮಗ ಕುಡುಕ ಅಂತ ಗೊತ್ತಾದರೆ ದಿನವೂ ಬೈಯುತ್ತಾಳೆ. ಬೈಯುವುದಕ್ಕೆ ಶಕ್ತಿ ಬೇಕಲ್ಲ, ಎರಡು ತುತ್ತು ಹೆಚ್ಚೇ ಉಣ್ಣುತ್ತಾಳೆ.

ಕಣ್ಣೊರೆಸಿಕೊ. ನೀನು ಮುಂದೆ ಹೋಗು, ಅಣ್ಣ ಕುಡುಕನಾಗಿದ್ದಾನೆ ಅಂತ ಚಿಕ್ಕಜ್ಜನಿಗೆ ಹೇಳು, ಕೇಳಿದವರಿಗೆಲ್ಲ ಹೇಳು. ಮನೆಗೆ ಹೋದ ಮೇಲೆ ಅಮ್ಮನಿಗೆ ನೀನೇ ಹೇಳಬೇಕು. ಸ್ವಲ್ಪ ಸಿಟ್ಟಿನಿಂದ ಹೇಳು, ನಂಬುತ್ತಾಳೆ.