ಸಹಿ ಹಾಕಿ ಎದ್ದು ಹೋದ ವಕೀಲರು

ಒಂದು ತಾಲೂಕಿನ ಊರು, ಅಲ್ಲೊಬ್ಬರು ವಕೀಲರಿದ್ದರು. ಹೆಸರು ಕೇಳಬೇಡಿ, ಹೇಳಿದರೆ ನಿಮ್ಮಲ್ಲಿ ಕೆಲವರಿಗೆ ಗುರುತು ಸಿಕ್ಕೀತು. ಮೂವತ್ತು ವರ್ಷದ ಅನುಭವ. ಅವರು ಕೋರ್ಟಿಗೆ ಬಂದರೆ ಎಳೆಯ ವಕೀಲರು ಕುರ್ಚಿ ಬಿಟ್ಟು ಏಳುತ್ತಿದ್ದರು.

ಆ ಊರಿನ ವಕೀಲರ ಸಂಘ ಒಂದು ನಿಯಮ ಮಾಡಿತ್ತು. ಕಾನೂನು ಬದಲಾಗುತ್ತಲೇ ಇರುತ್ತದೆಯಲ್ಲವೇ? ಅದಕ್ಕೆ ಪ್ರತಿಯೊಬ್ಬ ವಕೀಲರೂ ವರ್ಷಕ್ಕೆ ನಾಲ್ಕು ಶನಿವಾರ ಪಾಠಕ್ಕೆ ಕೂರಬೇಕು, ಹಾಜರಿ ಹಾಕಬೇಕು. ನಮ್ಮ ವಕೀಲರು ಬರುತ್ತಿದ್ದರು. ನೋಡಿ, ತಪ್ಪದೆ ಬರುತ್ತಿದ್ದರು. ಸಹಿ ಹಾಕುತ್ತಿದ್ದರು, ಎದ್ದು ಕ್ಯಾಂಟೀನಿಗೆ ಹೋಗುತ್ತಿದ್ದರು. ಇನ್ನು ನನಗೆ ಕಲಿಸುವವರು ಯಾರು ಎಂದು ಚಹಾ ಕುಡಿಯುತ್ತ ನಗುತ್ತಿದ್ದರು.

ಅಂಥದೇ ಒಂದು ಶನಿವಾರ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಪಾಠ ನಡೆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಕಾಯಿದೆ ತಿದ್ದುವ ಮೊದಲೇ ತಂದೆ ತೀರಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೊಸದಾಗಿ ಹೇಳಿತ್ತು. ಹಾಜರಿ ಪಟ್ಟಿಯಲ್ಲಿ ಇವರ ಹೆಸರಿತ್ತು. ಇವರಿರಲಿಲ್ಲ.

ಎರಡು ತಿಂಗಳ ನಂತರ ಕಾಶವ್ವ ಎಂಬ ಹೆಣ್ಣುಮಗಳು ಇವರಲ್ಲಿಗೆ ಬಂದಳು. ಗಂಡನಿಲ್ಲ, ಬಟ್ಟೆ ಹೊಲಿದು ಬದುಕುವವಳು. ಆಸ್ತಿಯಲ್ಲಿ ನನಗೆ ಹಕ್ಕು ಬೇಡ ಎಂಬ ಪತ್ರಕ್ಕೆ ಅಣ್ಣಂದಿರು ಸಹಿ ಕೇಳುತ್ತಿದ್ದಾರೆ, ಹಾಕಲೋ ಬೇಡವೋ ಎಂದು ಕೇಳಿದಳು. ವಕೀಲರು ಪುಸ್ತಕ ತೆರೆಯಲಿಲ್ಲ. ತಂದೆ ಯಾವಾಗ ತೀರಿಕೊಂಡರು ಎಂದಷ್ಟೇ ಕೇಳಿದರು. ಇಪ್ಪತ್ತು ವರ್ಷದ ಹಿಂದೆ ಎಂದಳು. ಹಾಗಾದರೆ ಕಾಯಿದೆ ತಿದ್ದುವ ಮೊದಲೇ ತೀರಿಕೊಂಡಿದ್ದಾರೆ, ನಿನಗೆ ಪಾಲು ಬರುವುದಿಲ್ಲ, ಸುಮ್ಮನೆ ಜಗಳ ಬೇಡ, ಹಾಕಿಬಿಡು ಎಂದರು. ಆಕೆ ಕೈಮುಗಿದು ಹೋದಳು. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದಳು.

ವರ್ಷದ ಮೇಲೆ, ಮಹಿಳೆಯರಿಗೆ ಕಾನೂನು ತಿಳಿಸುವ ಒಂದು ಶಿಬಿರದಲ್ಲಿ ಆಕೆಗೆ ನಿಜ ಗೊತ್ತಾಯಿತು. ನೇರ ವಕೀಲರ ಆಫೀಸಿಗೆ ಬಂದಳು. ಬಯ್ಯಲಿಲ್ಲ, ಅಳಲಿಲ್ಲ.

“ಸಾಹೇಬ್ರ, ಈ ಮಾತು ನಿಮಗ ಆವಾಗ ಗೊತ್ತಿತ್ತೇನ್ರಿ?”

ಏನು ಹೇಳಬೇಕು? ಗೊತ್ತಿತ್ತು ಎಂದರೆ ಮೋಸಗಾರ. ಗೊತ್ತಿರಲಿಲ್ಲ ಎಂದರೆ, ಮೂವತ್ತು ವರ್ಷ ಕರಿ ಕೋಟು ತೊಟ್ಟದ್ದು ಏತಕ್ಕೆ?

“ಗೊತ್ತಿರಲಿಲ್ಲವ್ವಾ. ಅದನ್ನ ಕಲಿಸಿದ ದಿವಸ ನಾ ಸಹಿ ಮಾಡಿ ಎದ್ದು ಹೋಗಿದ್ದೆ.”

“ನಾನೂ ಸಹಿನ ಮಾಡೀನ್ರಿ,” ಎಂದಳು ಕಾಶವ್ವ. “ನಿಮ್ಮ ಮ್ಯಾಲ ನಂಬಿಗಿ ಇಟ್ಟು.”

ಆ ಪತ್ರ ರದ್ದಾಗಲೆಂದು ಆಕೆ ಬೇರೊಬ್ಬ ವಕೀಲರಿಂದ ದಾವೆ ಹಾಕಿಸಿದಾಗ ನಮ್ಮ ವಕೀಲರು, ತಪ್ಪು ಸಲಹೆ ಕೊಟ್ಟದ್ದು ನಾನೇ ಎಂದು ತಾವಾಗಿ ಸಾಕ್ಷಿ ಹೇಳಲು ಹೋದರು. ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂದು ಜೊತೆಯವರು ತಡೆದರು. ಆದರೂ ಕಟಕಟೆ ಹತ್ತಿದರು. ಅಣ್ಣಂದಿರ ಕಡೆಯ ವಕೀಲ ಹಾಜರಿ ಪಟ್ಟಿ ಮುಂದೆ ಹಿಡಿದು, ಈ ಸಹಿ ನಿಮ್ಮದೇ ಅಲ್ಲವೇ, ಹಾಗಾದರೆ ಕಾನೂನು ತಿಳಿದೇ ಸಲಹೆ ಕೊಟ್ಟಿರಿ, ಆಕೆಯೂ ತಿಳಿದೇ ಸಹಿ ಹಾಕಿದಳಲ್ಲವೇ ಎಂದು ಕೇಳಿದ. ಸಹಿ ನನ್ನದು, ನಾನು ಅಲ್ಲಿರಲಿಲ್ಲ ಎಂದರು. ಎಳೆಯ ವಕೀಲರೆಲ್ಲ ಕೇಳುತ್ತ ಕೂತಿದ್ದರು.

ಕೊನೆಗೆ ಅಣ್ಣಂದಿರು ರಾಜಿಗೆ ಒಪ್ಪಿದರು. ಅಷ್ಟರಲ್ಲಿ ಒಂದು ಹೊಲ ಮಾರಿಹೋಗಿತ್ತು. ಕಾಶವ್ವನಿಗೆ ಬರಬೇಕಾದುದರಲ್ಲಿ ಅರ್ಧ ಬಂತು. ಉಳಿದರ್ಧ ಬರಲೇ ಇಲ್ಲ.

ತಾಯಂದಿರೇ, ಅಣ್ಣತಮ್ಮಂದಿರೇ, ಇದು ವಕೀಲರ ಕಥೆ ಎಂದು ತಲೆಯಾಡಿಸುತ್ತಿದ್ದೀರಾ? ಮೇಷ್ಟ್ರೇ, ಹದಿನೈದು ವರ್ಷದ ಹಳೆಯ ಟಿಪ್ಪಣಿಯನ್ನೇ ಮಕ್ಕಳಿಗೆ ಬರೆಸುತ್ತಿಲ್ಲವೇ? ಕರೆಂಟಿನ ಕೆಲಸ ಮಾಡುವವರೇ, ಬೀಜ ಗೊಬ್ಬರ ಮಾರುವವರೇ, ಜನ ನಿಮ್ಮನ್ನು ಕೇಳಿಯೇ ನಡೆಯುತ್ತಾರಲ್ಲವೇ?

ನನ್ನನ್ನೂ ಬಿಡಬೇಡಿ. ಉಪವಾಸದ ದಿನ ಸಕ್ಕರೆ ಕಾಯಿಲೆಯ ಗುಳಿಗೆ ಏನು ಮಾಡಲಿ ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ಸ್ವಾಮಿ ಎನಿಸಿಕೊಂಡು ಮಠದ ಈ ಪೀಠದ ಮೇಲೆ ಕೂತು ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಎಂದಿನಂತೆ ನುಂಗಿ ಎಂದೆ. ಮಧ್ಯಾಹ್ನ ಮೈಯಲ್ಲಿ ಸಕ್ಕರೆ ತೀರ ಇಳಿದು ಆಕೆ ತಲೆಸುತ್ತಿ ಬಿದ್ದರು. ಬದುಕಿದರು, ಇಲ್ಲೇ ಕೂತಿದ್ದಾರೆ. ಆ ಕಡೆ ನೋಡಲು ನನಗೆ ಇವತ್ತಿಗೂ ಆಗುವುದಿಲ್ಲ.

ಇವತ್ತಿನಿಂದ ಒಂದು ಮಾಡಿ. ವಾರಕ್ಕೆ ಒಂದು ತಾಸು ನಿಮ್ಮ ಕಸುಬಿನಲ್ಲಿ ಹೊಸದನ್ನು ಕೂತು ಕಲಿಯಿರಿ. ಕಲಿಸುವವರು ನಿಮಗಿಂತ ಚಿಕ್ಕವರಾದರೂ ಕೂತುಕೊಳ್ಳಿ. ಯಾರಾದರೂ ನಂಬಿ ಕೇಳಿದಾಗ ತಿಳಿಯದಿದ್ದರೆ, ಗೊತ್ತಿಲ್ಲ, ನಾಳೆ ತಿಳಿದು ಹೇಳುತ್ತೇನೆ ಎನ್ನಿ. ತಿಳಿದು ಹೇಳಿ. ನಾಚಿಕೆಯಾಗುತ್ತದೆ, ಆಗಲಿ. ಆ ನಾಚಿಕೆಯನ್ನು ಹೊರುವವರು ನೀವು. ತಿಳಿಯದೆ ಹೇಳಿದ ಮಾತನ್ನು ಹೊರುವವರು ಬೇರೆಯವರು.